ಮುಚ್ಚಿಗೆ ಹಲಗೆ, ರೀಪುಗಳಿಂದ ಮಕ್ಕಳಿಗೊಂದು ನಿಧಿ ಪೆಟ್ಟಿಗೆ

ಮಕ್ಕಳಿಗೆ ಪೆಟ್ಟಿಗೆ ಮಾಡಿಕೊಡಲು ಹೊರಟವರು ಮೊದಲು ಹಲಗೆ ಹುಡುಕುತ್ತಾರೆ. ಮೊದಲು ಯೋಚಿಸಬೇಕಾದದ್ದು ಮುಚ್ಚಳವನ್ನು. ನಾಲ್ಕು ಬದಿ, ಒಂದು ತಳ ಜೋಡಿಸುವುದು ದೊಡ್ಡ ಕೆಲಸವಲ್ಲ. ಮಗು ಹೊತ್ತು ಹೊತ್ತಿಗೂ ಎತ್ತಿ ಹಾಕುವುದು ಮುಚ್ಚಳವನ್ನು. ಬೆರಳು ಸಿಕ್ಕಿಕೊಳ್ಳುವುದೂ ಅಲ್ಲೇ, ಬಗ್ಗಿದ ತಲೆಯ ಮೇಲೆ ಬೀಳುವುದೂ ಅದೇ. ಇನ್ನೊಂದು ವಿಷಯ ನಮ್ಮ ಕರಾವಳಿಯ ತೇವ. ಮಂಗಳೂರು, ಉಡುಪಿಯಲ್ಲಿ ಜೂನ್ ಹೊಕ್ಕಿತೆಂದರೆ ಮರ ಉಬ್ಬುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಮುಚ್ಚಿಟ್ಟ ಬಟ್ಟೆಗೊಂಬೆಗೆ ಬೂಷ್ಟು ಬರುತ್ತದೆ. ಮಗುವಿನ ಬೆರಳು ಮತ್ತು ಮಳೆಗಾಲ, ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪೆಟ್ಟಿಗೆಯ ಅಳತೆ, ಮರ, ಮೊಳೆ, ಬಣ್ಣ ಎಲ್ಲವೂ ತಾನಾಗಿ ತೀರ್ಮಾನವಾಗುತ್ತವೆ.

ಹಳ್ಳಿಯ ಹಳೆ ಪೆಟ್ಟಿಗೆಯ ಒರಟು ಚಂದ ಬೇಕು ಎನ್ನುವವರಿಗೆ ಒಂದು ಮಾತು: ಆ ಒರಟುತನ ಕಣ್ಣಿಗೆ ಮಾತ್ರ ಇರಲಿ. ಗಂಟು, ಹಳೆ ಮೊಳೆಯ ಗುರುತು, ಗರಗಸದ ಗೀರು ಉಳಿಯಲಿ. ಸಿಬಿರು ಒಂದೂ ಉಳಿಯಬಾರದು.

ಮರ ಎಲ್ಲಿ ಸಿಗುತ್ತದೆ

ನಮ್ಮ ಕಡೆಯ ಹಳೆ ಹೆಂಚಿನ ಮನೆಗಳನ್ನು ಕೆಡವಿದಾಗ ಬರುವ ಮರಕ್ಕಿಂತ ಒಳ್ಳೆಯದು ಈ ಕೆಲಸಕ್ಕೆ ಬೇರಿಲ್ಲ. ಮುಚ್ಚಿಗೆಯ (ಮರದ ಒಳಚಾವಣಿಯ) ಹಲಗೆ ಪೆಟ್ಟಿಗೆಯ ಬದಿಗಳಿಗೆ ಸರಿಹೋಗುತ್ತದೆ, ಹೆಂಚು ಕೂರಿಸುವ ರೀಪು ಬಾಗಿದ ಮುಚ್ಚಳಕ್ಕೆ. ಹತ್ತಾರು ಮಳೆಗಾಲ ಕಂಡ ಮರ ಇನ್ನು ಹೆಚ್ಚು ತಿರುಚಿಕೊಳ್ಳುವುದಿಲ್ಲ. ಹಳೆ ಮರ ಮಾರುವವರ ಬಳಿ ಹೋದಾಗ ಹಲಸು, ಹೆಬ್ಬಲಸು ಕೇಳಿ. ಹಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಕೊಯ್ದಾಗ ಹಳದಿಯಾಗಿದ್ದು, ಬೆಳಕಿಗೆ ಬಿದ್ದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಭಾರವೂ ಹದವಾಗಿರುತ್ತದೆ. ಕಿರಾಲ್‌ಬೋಗಿ ಗಟ್ಟಿಯೇನೋ ಹೌದು, ಆದರೆ ಮಕ್ಕಳ ಪೆಟ್ಟಿಗೆಗೆ ಆ ಭಾರ ಬೇಡ. ರಬ್ಬರ್ ಮರಕ್ಕೆ, ಯಾವುದೇ ಮರದ ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೇಗ ಹಿಡಿಯುತ್ತದೆ. ಹಲಗೆಯನ್ನು ನೆಲಕ್ಕೆ ಕುಟ್ಟಿ ನೋಡಿ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಅದನ್ನು ಮನೆಗೆ ತರಬೇಡಿ.

ಹಳೆ ಮರಕ್ಕೆ ಬಣ್ಣ ಬಳಿದಿದ್ದರೆ ಬಿಟ್ಟುಬಿಡಿ. ಹಿಂದಿನ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಬಣ್ಣವನ್ನು ಉಜ್ಜಿದರೆ ಎದ್ದ ದೂಳು ನೇರವಾಗಿ ಮಕ್ಕಳ ಮೂಗು ಬಾಯಿಗೆ ಹೋಗುತ್ತದೆ. ಅಟ್ಟದ ಮೇಲೆ ಉಳಿದಿರುವ ಹಳೆ ಬಣ್ಣದ ಡಬ್ಬಿಯನ್ನೂ ಈ ಕೆಲಸಕ್ಕೆ ತೆರೆಯಬೇಡಿ.

ಪಣಂಬೂರಿನ ಬಂದರಿನಿಂದಾಗಿ ಮಂಗಳೂರಿನಲ್ಲಿ ಸರಕು ಪೇರಿಸಿಡುವ ಪೈನ್ ಮರದ ಪ್ಯಾಲೆಟ್‌ಗಳು ಅಗ್ಗಕ್ಕೆ ಸಿಗುತ್ತವೆ. ಹಗುರ, ಕೊಯ್ಯಲು ಸುಲಭ. ಕೊಳ್ಳುವ ಮೊದಲು ಅದರ ಮೇಲಿನ ಮುದ್ರೆ ಓದಿ. ಗೋಧಿ ತೆನೆಯ ಚಿತ್ರದ ಪಕ್ಕದಲ್ಲಿ ಎಚ್‌ಟಿ (HT) ಎಂದಿದ್ದರೆ ಮರವನ್ನು ಬಿಸಿ ಮಾಡಿ ಹುಳ ಕೊಂದಿದ್ದಾರೆ. ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್, 30 ನಿಮಿಷ. ಎಂಬಿ (MB) ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಅದು ಬೇಡ. ಮುದ್ರೆ ಇಲ್ಲದ್ದು, ಎಣ್ಣೆ ಅಥವಾ ರಾಸಾಯನಿಕದ ಕಲೆ ಇರುವುದು ಕೂಡ ಬೇಡ.

ತಂದ ಮರದ ಮೇಲೆ ಅಯಸ್ಕಾಂತ ಆಡಿಸಿ, ಒಳಗೆ ಮುರಿದುಳಿದ ಮೊಳೆಗಳನ್ನೆಲ್ಲ ಕೀಳಿ. ಆಮೇಲೆ ಸಾ ಮಿಲ್‌ಗೆ ಒಯ್ದು ಹಲಗೆಯನ್ನು ಮುಕ್ಕಾಲು ಇಂಚು ದಪ್ಪಕ್ಕೆ, ರೀಪನ್ನು ಒಂದು ಇಂಚು ಅಗಲ, ಅರ್ಧ ಇಂಚು ದಪ್ಪಕ್ಕೆ ಸೀಳಿಸಿ. ಅಲ್ಲಿ ಹತ್ತು ನಿಮಿಷದ ಕೆಲಸ, ಕೈಗರಗಸದಲ್ಲಿ ಎರಡು ದಿನದ್ದು. ಮನೆಗೆ ತಂದಮೇಲೆ ಹಲಗೆಗಳ ನಡುವೆ ಕಡ್ಡಿ ಇಟ್ಟು, ಗಾಳಿಯಾಡುವ ಕಡೆ ಎರಡು ಮೂರು ವಾರ ಪೇರಿಸಿಡಿ. ಈ ಕೆಲಸಕ್ಕೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಜೋರು ಮಳೆಯಲ್ಲಿ ಮಾಡಿದರೆ, ಉಬ್ಬಿದ ಮರಕ್ಕೆ ಹಾಕಿದ ಅಳತೆ ಬೇಸಿಗೆಗೆ ಸಡಿಲವಾಗುತ್ತದೆ.

ಅಳತೆ

ದೊಡ್ಡದು ಮಾಡಬೇಡಿ. 18 ಇಂಚು ಉದ್ದ, 12 ಇಂಚು ಅಗಲ, 10 ಇಂಚು ಎತ್ತರ ಧಾರಾಳವಾಯಿತು. ಮುಚ್ಚಳವೂ ಸೇರಿ ಏಳೆಂಟು ಕಿಲೋ ತೂಗುತ್ತದೆ. ಇಬ್ಬರು ಮಕ್ಕಳು ಹಗ್ಗ ಹಿಡಿದು ಜಗಲಿಯಿಂದ ಚಾವಡಿಗೆ ಹೊತ್ತುಕೊಂಡು ಹೋಗಬಹುದು. ಮಗು ಒಳಗೆ ಇಳಿದು ಅಡಗಿ ಕೂರುವಷ್ಟು ದೊಡ್ಡ ಪೆಟ್ಟಿಗೆಯನ್ನು ಮನೆಯಲ್ಲಿ ಇಡಲೇಬಾರದು.

ಕತ್ತರಿಸಬೇಕಾದ ತುಂಡುಗಳು ಇವು:

- ಮುಂದೆ, ಹಿಂದೆ: 18 × 10 ಇಂಚಿನವು ಎರಡು
- ಪಕ್ಕದ ಬದಿಗಳು: 10½ × 10 ಇಂಚಿನವು ಎರಡು
- ತಳ: 18 × 12 ಇಂಚು, 12 ಮಿಮೀ ಮೆರೈನ್ ಪ್ಲೈವುಡ್ (ಐಎಸ್ 710 ಎಂಬ ಮುದ್ರೆ ಇರುವುದು)
- ಮೂಲೆಯ ಕಡ್ಡಿ: 1 ಇಂಚು ಚೌಕ, 9½ ಇಂಚು ಉದ್ದ, ನಾಲ್ಕು
- ಮುಚ್ಚಳದ ಕಮಾನು: 12 × 4½ ಇಂಚಿನವು ಎರಡು
- ಮುಚ್ಚಳದ ಪಟ್ಟಿ: 16½ × 1½ ಇಂಚಿನವು ಎರಡು
- ರೀಪು: 18 ಇಂಚು ಉದ್ದದವು ಹದಿಮೂರು

ಹತ್ತು ಇಂಚು ಅಗಲದ ಹಲಗೆ ಸಿಗದಿದ್ದರೆ ಐದೈದು ಇಂಚಿನ ಎರಡು ಹಲಗೆ ಒಂದರ ಮೇಲೊಂದು ಬರಲಿ. ನೋಡಲು ಅದೇ ಹೆಚ್ಚು ಚಂದ.

ಪೆಟ್ಟಿಗೆ ಜೋಡಿಸುವುದು

ಪಕ್ಕದ ಬದಿಗಳು ಮುಂದಿನ, ಹಿಂದಿನ ಹಲಗೆಗಳ ನಡುವೆ ಕೂರುತ್ತವೆ. ನಾಲ್ಕೂ ಕಡೆ ಮರದ ನಾರು ಅಡ್ಡಕ್ಕೇ ಇರಬೇಕು. ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಗಲಕ್ಕೆ ಉಬ್ಬುತ್ತದೆ. ನಾಲ್ಕೂ ಬದಿ ಒಂದೇ ದಿಕ್ಕಿಗಿದ್ದರೆ ಮಳೆಗಾಲದಲ್ಲಿ ಒಟ್ಟಿಗೆ ಎತ್ತರವಾಗಿ, ಬೇಸಿಗೆಯಲ್ಲಿ ಒಟ್ಟಿಗೆ ಇಳಿಯುತ್ತವೆ, ಮೂಲೆ ಬಿರಿಯುವುದಿಲ್ಲ.

ಕೂಡುವಲ್ಲಿ ಫೆವಿಕಾಲ್ ಮೆರೈನ್ ಹಚ್ಚಿ. ಮಾಮೂಲಿ ಬಿಳಿ ಅಂಟು ಸತತ ತೇವಕ್ಕೆ ತಡೆಯುವುದಿಲ್ಲ. ಮೂಲೆಮಟ್ಟ ಇಟ್ಟು ನೋಡಿ, ಕ್ಲಾಂಪ್ ಬಿಗಿದು, ಪ್ರತಿ ಮೂಲೆಗೆ ಒಂದೂವರೆ ಇಂಚಿನ ನಾಲ್ಕು ಸ್ಕ್ರೂ. ಸ್ಕ್ರೂಗೆ ಮೊದಲು 3 ಮಿಮೀ ಬಿಟ್‌ನಿಂದ ತೂತು ಕೊರೆಯಲೇಬೇಕು, ಇಲ್ಲವಾದರೆ ಹಲಗೆಯ ತುದಿ ಸೀಳುತ್ತದೆ. ಸ್ಕ್ರೂ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಲಿ. ಹಿತ್ತಾಳೆ ಮೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಮ್ಮೆ ಹಾಕಿ ತೆಗೆದು ದಾರಿ ಮಾಡಿಕೊಂಡರೆ ತಲೆ ಮುರಿಯುವುದಿಲ್ಲ. ಮಲ್ಪೆಯಲ್ಲೋ ಮಂಗಳೂರಿನ ಬಂದರು ಕಡೆಯೋ ದೋಣಿಯವರು ಹೋಗುವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಉಪ್ಪುಗಾಳಿಗೆ ಯಾವುದು ಬಾಳುತ್ತದೆಂದು ಅವರಿಗೆ ಗೊತ್ತು.

ಮೂಲೆಯ ಕಡ್ಡಿಗಳನ್ನು ಒಳಗಿನಿಂದ ನಿಲ್ಲಿಸಿ. ಇವಕ್ಕೆ ಅಂಟು ಬೇಡ, ಸ್ಕ್ರೂ ಮಾತ್ರ. ಕಡ್ಡಿಯ ನಾರು ಮೇಲಕ್ಕೆ, ಹಲಗೆಯದ್ದು ಅಡ್ಡಕ್ಕೆ. ಅಂಟಿಸಿ ಕಟ್ಟಿಹಾಕಿದರೆ ಉಬ್ಬಲು ಜಾಗವಿಲ್ಲದೆ ಹಲಗೆ ಒಡೆಯುತ್ತದೆ. ತಳವನ್ನು ಕೆಳಗಿನಿಂದ ಬಿಗಿಯಿರಿ, ಅದರಡಿಗೆ ಮುಕ್ಕಾಲು ಇಂಚಿನ ಎರಡು ಪಟ್ಟಿ ಕೊಡಿ. ಪೆಟ್ಟಿಗೆ ನೆಲ ಬಿಟ್ಟು ನಿಂತರೆ ಅಡಿಯಲ್ಲಿ ಗಾಳಿ ಆಡುತ್ತದೆ, ನೆಲ ಒರೆಸಿದ ನೀರು ತಾಗುವುದಿಲ್ಲ, ಒರಲೆ (ಗೆದ್ದಲು) ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ಈಗ ತೂತುಗಳು. ಪಕ್ಕದ ಎರಡೂ ಬದಿಗಳ ಮೇಲ್ಭಾಗದಲ್ಲಿ ಒಂದೂಕಾಲು ಇಂಚು ವ್ಯಾಸದ ಒಂದೊಂದು ಗಾಳಿತೂತು ಕೊರೆಯಿರಿ. ಆಟಿಕೆ ಪೆಟ್ಟಿಗೆಗೆ ಕನಿಷ್ಠ ಎರಡು ಗಾಳಿತೂತು ಇರಬೇಕು, ಒಂದೊಂದೂ 650 ಚದರ ಮಿಮೀಗೆ ಕಡಿಮೆ ಇರಬಾರದು, ನಡುವೆ 150 ಮಿಮೀ ಅಂತರ ಬೇಕು ಎಂಬುದು ಸುರಕ್ಷತೆಯ ಲೆಕ್ಕ. ಒಂದೂಕಾಲು ಇಂಚಿನ ತೂತು ಅದಕ್ಕಿಂತ ತುಸು ಹೆಚ್ಚೇ ಆಗುತ್ತದೆ. ಹಿಂದಿನ ಹಲಗೆಯಲ್ಲಿ ಕೊರೆದರೆ ಗೋಡೆಗೆ ಒತ್ತಿಟ್ಟಾಗ ಮುಚ್ಚಿಹೋಗುತ್ತವೆ. ಬೂಷ್ಟು ತಡೆಯುವುದೂ ಈ ತೂತುಗಳೇ.

ಮುಂದಿನ ಹಲಗೆಯ ಮೇಲಂಚಿನ ನಡುವೆ ಆರು ಇಂಚು ಉದ್ದ, ಮುಕ್ಕಾಲು ಇಂಚು ಆಳದ ಒಂದು ತಗ್ಗು ಕೊಯ್ಯಿರಿ. ಮುಚ್ಚಳ ದಡಕ್ಕನೆ ಬಿದ್ದರೂ ಅಲ್ಲಿ ಹಿಡಿದ ಪುಟ್ಟ ಬೆರಳುಗಳಿಗೆ ಜಾಗ ಉಳಿಯುತ್ತದೆ. ಇಡೀ ಪೆಟ್ಟಿಗೆಯಲ್ಲಿ ನಾನು ಎಂದೂ ಕೈಬಿಡದ ಭಾಗ ಇದು.

ಬಾಗಿದ ಮುಚ್ಚಳ

ನಿಧಿ ಪೆಟ್ಟಿಗೆ ಎಂದಾಗ ಮಕ್ಕಳ ಕಣ್ಣಿಗೆ ಬರುವುದು ಬಾಗಿದ ಮುಚ್ಚಳವೇ. ಹಡಗಿನ, ಗಾಡಿಯ ಪೆಟ್ಟಿಗೆಗಳಿಗೆ ಅದರಿಂದ ಉಪಯೋಗವೂ ಇತ್ತು: ನೀರು ನಿಲ್ಲದೆ ಜಾರುತ್ತದೆ, ಮೇಲೆ ಸಾಮಾನು ಹೇರಲಾಗುವುದಿಲ್ಲ. ಮಕ್ಕಳ ಪೆಟ್ಟಿಗೆಗೆ ಎರಡನೆಯದು ಇನ್ನೂ ಒಳ್ಳೆಯದು. ಮೇಲೆ ಪುಸ್ತಕದ ರಾಶಿ ಇಡುವವರಿಲ್ಲ.

ಕಮಾನಿನ ಗೆರೆ ಮೊದಲು ರಟ್ಟಿನ ಮೇಲೆ. 12 ಇಂಚಿನ ನೇರ ಗೆರೆ ಎಳೆಯಿರಿ. ಇದು ಮುಚ್ಚಳದ ಅಡಿಯಂಚು. ಗೆರೆಯ ನಡುವಿನಿಂದ ಸರಿಯಾಗಿ 3 ಇಂಚು ಕೆಳಗೆ ಒಂದು ಮೊಳೆ ಊರಿ. ಮೊಳೆಗೆ ದಾರ ಕಟ್ಟಿ, ಏಳೂವರೆ ಇಂಚು ದೂರಕ್ಕೆ ಪೆನ್ಸಿಲ್ ಹಿಡಿದು ಸುತ್ತಿಸಿ. ನಡುವೆ ನಾಲ್ಕೂವರೆ ಇಂಚು ಎತ್ತರ, ಎರಡು ತುದಿಯಲ್ಲಿ ಒಂದೂವರೆ ಇಂಚು ಎತ್ತರ ಬಂದರೆ ಗೆರೆ ಸರಿ. ದಾರ ಹಿಗ್ಗದಂತೆ ನೋಡಿಕೊಳ್ಳಿ. ಕಟ್ಟಡದವರ ನೈಲಾನ್ ದಾರಕ್ಕಿಂತ ಬಿಗಿಯಾದ ಹತ್ತಿದಾರ ವಾಸಿ. ರಟ್ಟು ಕತ್ತರಿಸಿ, ಹಲಗೆಯ ಮೇಲಿಟ್ಟು ಗುರುತು ಮಾಡಿ, ಜಿಗ್‌ಸಾದಲ್ಲಿ ಕೊಯ್ಯಿರಿ. ಎರಡು ಕಮಾನನ್ನೂ ಜೊತೆಗೆ ಬಿಗಿದು ಒಟ್ಟಿಗೆ ಉಜ್ಜಿದರೆ ಒಂದೇ ಸಮ ಆಗುತ್ತವೆ.

ಕಮಾನುಗಳ ನಡುವೆ ಮುಂದೆ ಹಿಂದೆ ಒಂದೂವರೆ ಇಂಚಿನ ಪಟ್ಟಿಗಳನ್ನು ಬಿಗಿದರೆ ಚೌಕಟ್ಟು ಆಯಿತು. ಕಮಾನಿನ ಬೆನ್ನ ಉದ್ದ ಸುಮಾರು 13.9 ಇಂಚು. ಒಂದಿಂಚಿನ ಹದಿಮೂರು ರೀಪು ಕೂರಿಸಿದರೆ ನಡುನಡುವೆ ಎರಡು ಮಿಮೀಯ ಸಂದು ಉಳಿಯುತ್ತದೆ, ಮಳೆಗಾಲದಲ್ಲಿ ಉಬ್ಬಲು ಅಷ್ಟು ಬೇಕು. ಸಂದು 5 ಮಿಮೀಗಿಂತ ಹೆಚ್ಚಾಗಬಾರದು. 5ರಿಂದ 12 ಮಿಮೀ ನಡುವಿನ ಸಂದಿನಲ್ಲೇ ಮಕ್ಕಳ ಬೆರಳು ಸಿಕ್ಕಿಕೊಳ್ಳುವುದು. ಮೊದಲು ನೆತ್ತಿಯ ರೀಪು, ಆಮೇಲೆ ಎರಡು ಅಂಚಿನವು, ಕೊನೆಗೆ ನಡುವಿನವು. ನೆತ್ತಿಯಿಂದ ಒಂದೇ ಕಡೆಗೆ ಇಳಿಸುತ್ತಾ ಹೋದರೆ ಸಣ್ಣ ಸಣ್ಣ ತಪ್ಪು ಸೇರಿ ಕೊನೆಯ ರೀಪು ಓರೆಯಾಗುತ್ತದೆ. ಪ್ರತಿ ರೀಪಿಗೆ ಎರಡು ತುದಿಯಲ್ಲಿ ಒಂದೊಂದು ಹಿತ್ತಾಳೆ ಸ್ಕ್ರೂ ಸಾಕು. ಎಲ್ಲ ಮುಗಿದ ಮೇಲೆ ಕೀಸುಳಿಯನ್ನು ಉದ್ದಕ್ಕೆ ಓಡಿಸಿ ರೀಪುಗಳ ಏಣು ಮುರಿಯಿರಿ. ಕೈ ಸವರಿದರೆ ದುಂಡಗೆ ಸಿಗಬೇಕು, ಕಣ್ಣಿಗೆ ರೀಪು ರೀಪಾಗಿಯೇ ಕಾಣಬೇಕು.

ಮುಚ್ಚಳ ಎರಡು ಕಿಲೋ ಆಸುಪಾಸು ಬರುತ್ತದೆ. ಮಗುವಿನ ಬೆರಳಿನ ಮೇಲೆ ಬಿದ್ದರೆ ಅದೇ ಹೆಚ್ಚಾಯಿತು. ಹಿಂದುಗಡೆ ಬಿಡಿ ಬಿಜಾಗರಿಯ ಬದಲು ಉದ್ದಕ್ಕೂ ಬರುವ ಪಿಯಾನೊ ಬಿಜಾಗರಿ ಹಾಕಿ. ಬೆರಳು ತೂರುವ ಸಂದೇ ಇರುವುದಿಲ್ಲ. ಒಂದು ಪಕ್ಕಕ್ಕೆ ಮುಚ್ಚಳವನ್ನು ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲಿಸುವ, ಘರ್ಷಣೆಯಿಂದ ಹಿಡಿಯುವ ಸ್ಟೇ ಹಾಕಬೇಕು. ಅಡುಗೆಮನೆ ಕಪಾಟಿಗೆ ಹಾಕುವ ಗ್ಯಾಸ್ ಪಂಪ್ ಇಷ್ಟು ಹಗುರದ ಮುಚ್ಚಳಕ್ಕೆ ಜೋರಾಗುತ್ತದೆ. ಮಗು ಎಷ್ಟು ಎಳೆದರೂ ಮುಚ್ಚಲಾಗುವುದಿಲ್ಲ.

ಹಾಕಿದ ಮೇಲೆ ಪರೀಕ್ಷೆ. ಮುಚ್ಚಳವನ್ನು ಒಂದು ಗೇಣು ಎತ್ತಿ ಕೈ ಬಿಡಿ. ಅರ್ಧ ತೆರೆದು ಬಿಡಿ. ಪೂರ್ತಿ ತೆರೆದು ಬಿಡಿ. ಯಾವ ಕೋನದಲ್ಲೂ ಅರ್ಧ ಇಂಚಿಗಿಂತ ಹೆಚ್ಚು ಕುಸಿಯಬಾರದು. ಕುಸಿದರೆ ಸ್ಟೇ ಬಿಗಿ ಮಾಡಿ, ಮತ್ತೆ ಮೂರೂ ಕಡೆ ನೋಡಿ. ಅಂಗಡಿಯಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯವಾಗಿದೆ, ಅವುಗಳನ್ನು ಐಎಸ್ 9873 ಮಾನದಂಡದಂತೆ ಪರೀಕ್ಷಿಸುತ್ತಾರೆ. ಮನೆಯಲ್ಲಿ ಮಾಡಿದ್ದನ್ನು ಪರೀಕ್ಷಿಸುವವರು ನಾವೇ, ಆದ್ದರಿಂದ ಈ ಹತ್ತು ನಿಮಿಷ ಉಳಿಸಬೇಡಿ. ಮೂರು ವರ್ಷ ತುಂಬದ ಮಗು ಇರುವ ಮನೆಯಲ್ಲಿ ಮುಚ್ಚಳವನ್ನು ಸದ್ಯಕ್ಕೆ ಅಟ್ಟಕ್ಕೆ ಹಾಕಿ, ಪೆಟ್ಟಿಗೆ ತೆರೆದೇ ಇರಲಿ.

ಬೀಗ, ತಾನಾಗಿ ಬೀಳುವ ಚಿಲಕ ಎರಡೂ ಬೇಡ. ಮಕ್ಕಳು ಬೀಗ ಕೇಳಿಯೇ ಕೇಳುತ್ತಾರೆ. ಅದರ ಬದಲಿಗೆ ಗುಟ್ಟಿನ ಅರೆ ಮಾಡಿಕೊಡಿ. ತಳದಿಂದ ಒಂದೂವರೆ ಇಂಚು ಮೇಲೆ ಒಳಗೋಡೆಗೆ ಸಣ್ಣ ಪಟ್ಟಿ ಹೊಡೆದು, ಅದರ ಮೇಲೆ 6 ಮಿಮೀ ಪ್ಲೈವುಡ್ ತುಂಡನ್ನು ಬಿಡಿಯಾಗಿ ಇಡಿ. ನಾಲ್ಕು ಮೂಲೆಯಲ್ಲಿ ಕಡ್ಡಿಯ ಅಳತೆಗೆ ಕಚ್ಚು ತೆಗೆಯಬೇಕು. ಎತ್ತಲು ಎರಡಿಂಚಿನ ಬಟ್ಟೆಪಟ್ಟಿ. ಮೇಲಿನಿಂದ ನೋಡಿದವರಿಗೆ ಅದೇ ತಳ ಎನಿಸುತ್ತದೆ. ಈ ಗುಟ್ಟು ಸಿಕ್ಕ ಮಗುವಿಗೆ ಬೀಗ ನೆನಪಾಗುವುದಿಲ್ಲ.

ಹಿಡಿಕೆ, ಬಣ್ಣ, ಪಾಲಿಶ್

ಹಿಡಿಕೆಗೆ ಕತ್ತದ ಹಗ್ಗ ನೋಡಲು ಚಂದ, ಮಕ್ಕಳ ಅಂಗೈಗೆ ಚುಚ್ಚುತ್ತದೆ. ಹಿಡಿಯುವ ಜಾಗಕ್ಕೆ ಹತ್ತಿಯ ಹುರಿ ಒತ್ತಾಗಿ ಸುತ್ತಿ, ಅಥವಾ ಇಡೀ ಹಿಡಿಕೆಯನ್ನೇ ದಪ್ಪ ಹತ್ತಿಹಗ್ಗದಿಂದ ಮಾಡಿ. ಪಕ್ಕದ ಒಂದೊಂದು ಬದಿಗೂ ಗಾಳಿತೂತು ಬಿಟ್ಟು ಬೇರೆ ಎರಡು ತೂತು ಕೊರೆದು, ಹಗ್ಗ ತೂರಿಸಿ ಒಳಗೆ ಗಂಟು. ಹೊರಗೆ ಕಾಣುವ ಕುಣಿಕೆ ಒಂದು ಮುಷ್ಟಿ ಹಿಡಿಯುವಷ್ಟೇ ಇರಲಿ, ಉದ್ದದ ಕುಣಿಕೆ ಕುತ್ತಿಗೆಗೆ ಸಿಕ್ಕುತ್ತದೆ.

ಉಜ್ಜುವುದು 80ನೇ ನಂಬರಿನ ಪಾಲಿಶ್ ಪೇಪರಿನಿಂದ ಶುರುವಾಗಿ 120, ಕೊನೆಗೆ 220. ಅಂಚು, ಮೂಲೆ, ಗಾಳಿತೂತಿನ ಒಳಬದಿ ಎಲ್ಲ ದುಂಡಗಾಗಲಿ. ಹಳೆಯ ಕಾಲ್ಚೀಲವನ್ನು ಕೈಗೆ ಹಾಕಿ ಇಡೀ ಪೆಟ್ಟಿಗೆ ಸವರಿ. ಎಲ್ಲಿ ನೂಲು ಎಳೆಯುತ್ತದೋ ಅಲ್ಲಿ ಇನ್ನೂ ಸಿಬಿರು ಇದೆ. ಈ ಕೆಲಸ ಮಕ್ಕಳಿಗೇ ವಹಿಸಿ, ನಮಗಿಂತ ಚೆನ್ನಾಗಿ ಹುಡುಕುತ್ತಾರೆ.

ಹಳೆ ಪೆಟ್ಟಿಗೆಯ ಕಪ್ಪು ಬಣ್ಣ ಬೇಕಿದ್ದರೆ ಅಂಗಡಿಯ ಸ್ಟೇನ್ ಬೇಕಿಲ್ಲ. ಒಂದು ಗಾಜಿನ ಬಾಟಲಿಯಲ್ಲಿ ಕಾಲು ಲೀಟರ್ ವಿನೆಗರ್, ಒಂದು ಹಿಡಿ ಕಬ್ಬಿಣದ ಮೊಳೆ. ಮೂರು ನಾಲ್ಕು ದಿನ ಬಿಡಿ. ಮುಚ್ಚಳ ಬಿಗಿಯಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಹಾಕಿದರೆ ಕರಗುವುದಿಲ್ಲ, ಕಬ್ಬಿಣವೇ ಬೇಕು. ಮರಕ್ಕೆ ಮೊದಲು ಹಾಲು ಸಕ್ಕರೆ ಇಲ್ಲದ ಕಡು ಚಹಾ ಬಳಿದು ಒಣಗಿಸಿ. ಆಮೇಲೆ ವಿನೆಗರ್ ನೀರನ್ನು ಸೋಸಿ ಬ್ರಷ್‌ನಲ್ಲಿ ಎಳೆಯಿರಿ. ಎಳೆದ ಕ್ಷಣ ಏನೂ ಆಗದಂತೆ ಕಾಣುತ್ತದೆ. ಎರಡು ಮೂರು ನಿಮಿಷದಲ್ಲಿ ನಾರಿನ ಗೆರೆಗಳಲ್ಲಿ ಬೂದಿ ಬಣ್ಣ ಏಳುತ್ತದೆ, ಮತ್ತೆ ಗಂಟಿನ ಸುತ್ತ ಕಪ್ಪಾಗುತ್ತದೆ. ಚಹಾದ ಒಗರು ಮತ್ತು ಕಬ್ಬಿಣ ಸೇರಿ ಆಗುವ ಬಣ್ಣ ಇದು. ಒಂದೊಂದು ಮರಕ್ಕೆ ಒಂದೊಂದು ಥರ ಬರುವುದರಿಂದ ಉಳಿದ ತುಂಡಿನ ಮೇಲೆ ಮೊದಲು ನೋಡಿ.

ಇಲ್ಲಿನ ಹಿರಿಯರು ಪಕ್ಕಾಸಿಗೆ (ಮಾಡಿನ ಓರೆ ಮರಕ್ಕೆ), ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಲು ಹೇಳಬಹುದು. ಒರಲೆಗೆ ಅದು ಗಟ್ಟಿ ಮದ್ದು, ನಿಜ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಕ್ಕೆ ಏಳುತ್ತದೆ; ಮಕ್ಕಳು ಮುಟ್ಟುವ ಯಾವುದಕ್ಕೂ ಬೇಡವೇ ಬೇಡ. ಮನೆಯಲ್ಲೇ ಇದೆಯೆಂದು ತೆಂಗಿನೆಣ್ಣೆಯನ್ನೂ ಹಚ್ಚಬೇಡಿ. ಅದು ಮರದ ಮೇಲೆ ಒಣಗುವುದಿಲ್ಲ, ಅಂಟಂಟಾಗಿ ದೂಳು ಹಿಡಿದು ಕಮಟು ವಾಸನೆ ಬರುತ್ತದೆ.

ನನ್ನ ಆಯ್ಕೆ ಅರಗಿನ ಫ್ರೆಂಚ್ ಪಾಲಿಶ್. ಮಾತ್ರೆಗಳ ಮೇಲಿನ ಹೊಳಪಿಗೂ ಬಳಸುವ ಅರಗು ಅದು. ಸ್ಪಿರಿಟ್ ಆರಿಹೋದ ಮೇಲೆ ಮಗು ಬಾಯಿ ಹಾಕಿದರೂ ಭಯವಿಲ್ಲ. ಬಟ್ಟೆ ಉಂಡೆಯಿಂದ ತೆಳುವಾಗಿ ಮೂರು ನಾಲ್ಕು ಕೈ ಹೊರಗೆ, ಒಂದು ಕೈ ಒಳಗೆ. ಬಿಸಿಲಿರುವ ದಿನವೇ ಹಚ್ಚಿ. ತೇವದ ಗಾಳಿಯಲ್ಲಿ ಹಚ್ಚಿದರೆ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಸ್ಪಿರಿಟ್ ಬೆಂಕಿಗೆ ಹತ್ತುತ್ತದೆ, ಆದ್ದರಿಂದ ದೀಪ, ಒಲೆ ಹತ್ತಿರ ಇರಬಾರದು, ಈ ಹಂತದಲ್ಲಿ ಮಕ್ಕಳೂ. ಎರಡು ದಿನ ಕಳೆದು ಜೇನುಮೇಣ ತಿಕ್ಕಿದರೆ ಕೈಗೆ ಹಿತವಾಗುತ್ತದೆ. ಮೇಣ ತಿಕ್ಕುವುದಕ್ಕೆ ಮಕ್ಕಳನ್ನು ಧಾರಾಳವಾಗಿ ಕರೆಯಿರಿ.

ಒಳಗೆ ಏನಿಡಬಾರದು

ಮಲ್ಪೆ ಕಡಲ ಬದಿಯ ಚಿಪ್ಪು, ಚೆನ್ನೆಮಣೆಯ ಕಾಯಿಗಳು, ಜಾತ್ರೆಯ ಬಳೆ, ಮುರಿದ ಗಡಿಯಾರ ಎಲ್ಲ ಇರಲಿ. ಚಿಪ್ಪುಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿಡಿ. ಉಪ್ಪು ಉಳಿದರೆ ಗಾಳಿಯ ತೇವ ಎಳೆದು ಪೆಟ್ಟಿಗೆಯ ಒಳಗೆಲ್ಲ ಪಸೆ. ಗುಲಗಂಜಿ ಮಾತ್ರ ಬೇಡ. ಕೆಂಪು ಕಪ್ಪು ಬಣ್ಣಕ್ಕೆ ಮಕ್ಕಳು ಮರುಳಾಗುತ್ತಾರೆ, ಆದರೆ ಅಗಿದರೆ ಅದರೊಳಗಿನ ಅಬ್ರಿನ್ ಪ್ರಾಣಕ್ಕೇ ಅಪಾಯ. ಚೆನ್ನೆಮಣೆಯ ಹದಿನಾಲ್ಕು ಗುಳಿಗೆ ನಾಲ್ಕು ನಾಲ್ಕರಂತೆ ಐವತ್ತಾರು ಕಾಯಿ ಬೇಕಲ್ಲ, ಅದಕ್ಕೆ ಹುಣಸೆಬೀಜ ಸಾಕು. ಗುಂಡಿ ಬ್ಯಾಟರಿ ಇರುವ ಆಟಿಕೆಯೂ ಸಣ್ಣ ಮಕ್ಕಳಿರುವ ಮನೆಯಲ್ಲಿ ಇದರೊಳಗೆ ಬೇಡ.

ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಮುಂದೆ ಎಳೆದಿಡಿ, ವಾರಕ್ಕೊಮ್ಮೆ ಫ್ಯಾನ್ ಕೆಳಗೆ ಮುಚ್ಚಳ ತೆರೆದಿಡಿ. ದೀಪಾವಳಿಯ ಹೊತ್ತಿಗೆ ಎಲ್ಲ ಹೊರಗೆ ತೆಗೆದು, ಎಳೆ ಬಿಸಿಲಿಗೆ ಒಂದು ಬೆಳಿಗ್ಗೆ ಇಟ್ಟು, ಒಣ ಬಟ್ಟೆಯಲ್ಲಿ ಒರೆಸಿ ಹೊಸ ಮೇಣ ತಿಕ್ಕಿ. ಮೂಲೆಯ ಸ್ಕ್ರೂಗಳನ್ನು ಅರ್ಧ ಸುತ್ತು ಬಿಗಿಯಿರಿ, ಹಗ್ಗದ ಗಂಟು ನೋಡಿ, ಮುಚ್ಚಳದ ಸ್ಟೇ ಸಡಿಲವಾಗಿದೆಯೇ ಎಂದು ಒಂದು ಗೇಣು, ಅರ್ಧ, ಪೂರ್ತಿ ಎತ್ತಿ ಮತ್ತೊಮ್ಮೆ ಬಿಟ್ಟು ನೋಡಿ.